ರೂಟ್ ಯಾವ ಬಾಗಿಲಿನಿಂದ ಬರಬೇಕು?

ಮೊನ್ನೆ ಲ್ಯಾಬ್‌ನಲ್ಲಿ ಗೆಳೆಯನೊಬ್ಬ ಕೇಳಿದ: “ರೂಟ್ ಪಾಸ್‌ವರ್ಡ್ ಗೊತ್ತಿದ್ದವನು ಯಾವ ಕಂಪ್ಯೂಟರಿನ ಮುಂದೆ ಕೂತರೇನು?” ಪ್ರಶ್ನೆ ಸರಿಯಾದದ್ದೇ. ಆದರೆ ಪಾಸ್‌ವರ್ಡ್ ಬೆನ್ನ ಹಿಂದೆ ನಿಂತವರ ಕಣ್ಣಿಗೂ ಬೀಳುತ್ತದಲ್ಲ!

ಲಿನಕ್ಸಿನಲ್ಲಿ ‘ರೂಟ್’ ಎಂದರೆ ಮೇಲ್ವಿಚಾರಕರ ಖಾತೆ. ಅದರಲ್ಲಿ ಒಳಬಂದವರು ಯಾರ ಫೈಲನ್ನಾದರೂ ಓದಬಹುದು, ಅಳಿಸಬಹುದು. ನಾವು ಸರ್ವರ್‌ನಲ್ಲಿಟ್ಟ ಪ್ರಾಕ್ಟಿಕಲ್ ಪ್ರೋಗ್ರಾಂಗಳೂ ಅದಕ್ಕೆ ಹೊರತಲ್ಲ. ಹಾಗಾಗಿ ‘ಯಾರು’ ಎಂದು ಕೇಳಿದರೆ ಸಾಲದು, ‘ಎಲ್ಲಿಂದ’ ಎಂದೂ ಕೇಳಬೇಕು.

ಇದಕ್ಕೆಂದೇ ‘ಇಟಿಸಿ’ ಡೈರೆಕ್ಟರಿಯಲ್ಲಿ ‘ಸೆಕ್ಯೂರ್‌ಟಿಟಿವೈ’ ಎಂಬ ಚಿಕ್ಕ ಫೈಲ್ ಇರುತ್ತದೆ. ಟಿಟಿವೈ ಎಂದರೆ ಟೆಲಿಟೈಪ್‌ರೈಟರ್. ಆ ಯಂತ್ರ ಹೋಯಿತು, ಹೆಸರು ಉಳಿಯಿತು. ಫೈಲಿನಲ್ಲಿ ಸಾಲಿಗೊಂದರಂತೆ ಟರ್ಮಿನಲ್‌ಗಳ ಹೆಸರು. ‘ಟಿಟಿವೈ1’ ಎಂದಷ್ಟೇ ಬರೆದಿದ್ದರೆ ಸರ್ವರ್‌ನದೇ ಕೀಬೋರ್ಡಿನ ಮೊದಲ ಪರದೆಯಲ್ಲಿ ಮಾತ್ರ ರೂಟ್ ಲಾಗಿನ್ ಆಗಬಹುದು. ಬೇರೆ ಕಡೆ ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶವಿಲ್ಲ. ಒಂದು ವಿಚಿತ್ರ: ಫೈಲ್ ಖಾಲಿಯಿದ್ದರೆ ರೂಟ್‌ಗೆ ಎಲ್ಲ ಬಾಗಿಲೂ ಬಂದ್, ಫೈಲೇ ಇಲ್ಲದಿದ್ದರೆ ಎಲ್ಲವೂ ಖುಲ್ಲಾ! ಹೊಸ ಲಿನಕ್ಸ್ ಆವೃತ್ತಿಗಳು ಕೆಲವು ಈ ಫೈಲನ್ನೇ ಕೈಬಿಟ್ಟಿವೆ.

ಎಸ್‌ಎಸ್‌ಎಚ್ ಮೂಲಕ ದೂರದಿಂದ ಬರುವವರನ್ನು ಈ ಪಟ್ಟಿ ತಡೆಯುವುದಿಲ್ಲ. ಅದಕ್ಕೆ ಎಸ್‌ಎಸ್‌ಎಚ್‌ನದೇ ಸೆಟ್ಟಿಂಗ್‌ನಲ್ಲಿ ‘ಪರ್ಮಿಟ್‌ರೂಟ್‌ಲಾಗಿನ್’ ಎಂಬುದರ ಮುಂದೆ ‘ನೋ’ ಎಂದು ಬರೆಯಬೇಕು. ಹಾಗಾದರೆ ಕೆಲಸ ಮಾಡುವುದು ಹೇಗೆ? ಮೊದಲು ತಮ್ಮ ಸ್ವಂತ ಹೆಸರಿನಲ್ಲಿ ಲಾಗಿನ್ ಆಗಿ, ಬೇಕಾದಾಗ ಮಾತ್ರ ‘ಸುಡೊ’ ಬಳಸುವುದು. ಯಾರು, ಯಾವಾಗ, ಯಾವ ಆಜ್ಞೆ ಕೊಟ್ಟರು ಎಂಬುದು ಲಾಗ್‌ನಲ್ಲಿ ದಾಖಲಾಗುತ್ತದೆ. ನನಗೆ ಇದೇ ದೊಡ್ಡ ಲಾಭವಾಗಿ ಕಾಣುತ್ತದೆ. ಐದು ಜನ ಒಂದೇ ರೂಟ್ ಹೆಸರಿನಲ್ಲಿ ಬಂದುಹೋದರೆ, ಏನಾದರೂ ಅಳಿಸಿಹೋದ ದಿನ ಐವರ ಮೇಲೂ ಅನುಮಾನ.

ನಾನು ಇದನ್ನು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಪ್ರಯೋಗಿಸಿ ಪಜೀತಿಪಟ್ಟೆ. ಬೇರೆ ಖಾತೆಯನ್ನೇ ತೆರೆಯದೆ ಫೈಲನ್ನು ಖಾಲಿ ಮಾಡಿದ್ದೆ, ನಾನೇ ಹೊರಗುಳಿದೆ. ಕೊನೆಗೆ ಪೆನ್‌ಡ್ರೈವ್‌ನಿಂದ ಇನ್ನೊಂದು ಲಿನಕ್ಸ್ ಬೂಟ್ ಮಾಡಿ, ಹಾರ್ಡ್‌ಡಿಸ್ಕ್ ತೆರೆದು, ‘ಟಿಟಿವೈ1’ ಎಂದು ಮತ್ತೆ ಬರೆದೆ. ಹತ್ತು ನಿಮಿಷದ ಕೆಲಸ. ಪಾಸ್‌ವರ್ಡ್ ಯಾರೂ ಕೇಳಲಿಲ್ಲ. ಸರ್ವರ್ ಕೋಣೆಗೆ ಸದಾ ಬೀಗ ಏಕೆ ಹಾಕಿರುತ್ತಾರೆಂದು ಅವತ್ತು ಗೊತ್ತಾಯಿತು.