ಮಾಂಜ್ರಾ ದಡಕ್ಕೆ ಮೊದಲು ಮೆಟ್ಟಿಲು

ಬೀದರ್ ಜಿಲ್ಲೆಯಲ್ಲಿ ನೀರಿನ ಮಗ್ಗುಲಲ್ಲಿ ಒಂದು ರಾತ್ರಿ ತಂಗಬೇಕೆನ್ನುವವರಿಗೆ ಮೊದಲು ನೆನಪಾಗುವುದು ವಿಲಾಸಪುರ ಕೆರೆ. ಹೊನ್ನಿಕೇರಿ ಕಾಡಿಗೆ ಸಮೀಪದ ಈ ಕೆರೆಯ ದಂಡೆಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ‘ಬ್ಲ್ಯಾಕ್‌ಬಕ್ ರೆಸಾರ್ಟ್’ ಇದೆ. 1980ರಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ ಕಬಿನಿಯಲ್ಲಿ ಹೆಸರು ಮಾಡಿ, ಕಾವೇರಿಯ ಭೀಮೇಶ್ವರಿ, ಕಾಳಿ ದಡದ ದಾಂಡೇಲಿಯವರೆಗೂ ಹೊಳೆದಂಡೆಯ ವಸತಿಯನ್ನೇ ಕಸುಬಾಗಿಸಿಕೊಂಡಿತು. ಬೀದರಿನ ಕೋಟೆ, ಗವಾನ್ ಮದರಸಾ ನೋಡಲು ಬಂದವರು ವಿಲಾಸಪುರದಲ್ಲಿ ಉಳಿದು ಕೃಷ್ಣಮೃಗಗಳನ್ನೂ ಕಂಡು ಹೋಗುತ್ತಾರೆ.

ಆದರೆ ಅದು ಕೆರೆ. ಜಿಲ್ಲೆಯ ದೊಡ್ಡ ಹೊಳೆ ಮಾಂಜ್ರಾ. ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಸುಮಾರು 724 ಕಿ.ಮೀ. ಹರಿದು, ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿ ಸೇರುವ ನದಿ ಇದು. ಭಾಲ್ಕಿ, ಔರಾದ್ ಕಡೆಯ ಎಷ್ಟೋ ಊರುಗಳಂತೆ ಗಡಿಯ ಊರು ಮೆಹಕರವೂ ಇದೇ ನದಿಯ ಸೀಮೆಯದು. ಇಲ್ಲಿ ಡೇರೆ ಹಾಕಿ, ದೋಣಿ ಬಿಟ್ಟು ಪ್ರವಾಸಿಗಳನ್ನು ಕರೆಯಬಾರದೇಕೆ?

ಕರೆಯಬಹುದು. ಆದರೆ ಮಣ್ಣನ್ನು ಕೇಳಿ ಹೆಜ್ಜೆ ಇಡಬೇಕು. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ; ಮಳೆ ನಿಂತ ಸ್ವಲ್ಪ ಹೊತ್ತಿಗೆ ನೆಲ ಗಟ್ಟಿ. ಮಾಂಜ್ರಾ ಬಯಲಿನದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಡೇರೆಯ ಗೂಟ ಮಳೆಗಾಲದಲ್ಲಿ ಅದರಲ್ಲಿ ನಿಲ್ಲುವುದಿಲ್ಲ, ಜೀಪು ಹೂತುಕೊಳ್ಳುತ್ತದೆ. ಮೇಲೆಮೇಲೆ ಕಾಂಕ್ರೀಟ್ ಸುರಿದು ಕಟ್ಟಿದ ಮೆಟ್ಟಿಲು ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ಎರೆಯನ್ನು ಅಗೆದು ತೆಗೆದು ಮುರುಮು ತುಂಬಿ, ಗಟ್ಟಿ ಪದರಕ್ಕೆ ಅಡಿಪಾಯ ಇಳಿಸಿದರಷ್ಟೇ ಬಾಳಿಕೆ. ಉದ್ಘಾಟನೆಯ ಫೋಟೊದಲ್ಲಿ ಅಡಿಪಾಯ ಕಾಣುವುದಿಲ್ಲವೆಂಬುದೇ ತೊಂದರೆ.

ನೀರಿನ ಸ್ವಭಾವ ಇನ್ನೂ ವಿಚಿತ್ರ. ಮೇಲ್ಗಡೆ ಮಹಾರಾಷ್ಟ್ರದಲ್ಲಿ ಧನೇಗಾಂವ್ ಜಲಾಶಯವಿದೆ. 2016ರ ಬರದಲ್ಲಿ ಅದು ಬರಿದಾಗಿ, ಲಾತೂರಿಗೆ ರೈಲಿನಲ್ಲಿ ನೀರು ಒಯ್ಯಬೇಕಾಯಿತು. ಅದೇ ಜಲಾಶಯ ತುಂಬಿ ಗೇಟು ತೆರೆದರೆ ಭಾಲ್ಕಿ, ಔರಾದ್ ಭಾಗದ ಹೊಲಗಳು ಮುಳುಗುತ್ತವೆ. ನಮ್ಮಲ್ಲಿ ಮಳೆಯೇ ಇಲ್ಲದ ದಿನವೂ ಹೊಳೆ ಏರಬಹುದು. ಆದ್ದರಿಂದ ದಡದ ವಸತಿ ನಡೆಸುವವರಿಗೆ ಮಹಾರಾಷ್ಟ್ರದ ನೀರಾವರಿ ಇಲಾಖೆಯ ಮುನ್ಸೂಚನೆ ನೇರವಾಗಿ ತಲುಪುವಂತಿರಬೇಕು, ಸೈರನ್ ಇರಬೇಕು. ಡೇರೆ, ಶೌಚಾಲಯ ಪ್ರವಾಹದ ಗೆರೆಗಿಂತ ಮೇಲೆ. ದೋಣಿಕಟ್ಟೆ ಮಾತ್ರ ನೀರಿನೊಂದಿಗೆ ಏರಿಳಿಯುವ, ಕಂಬಗಳಿಗೆ ಬಂಧಿಸಿದ ತೇಲು ಹಲಗೆ. ಹೊಳೆಗೆ ಬ್ಯಾರೇಜ್ ಕಟ್ಟಿದ ಕಡೆ ನಿಂತ ನೀರಿನಲ್ಲಿ ದೋಣಿಗೆ ಆಳ ಸಿಗುತ್ತದೆ, ಆದರೆ ಗೇಟಿನ ಹತ್ತಿರ ಯಾರೂ ಸುಳಿಯದಂತೆ ತೇಲುಬುರುಡೆಗಳ ಸಾಲು ಬೇಕು.

ನನ್ನ ಲೆಕ್ಕದಲ್ಲಿ ಡೇರೆ ಎರಡನೆಯ ಕೆಲಸ. ದನಕ್ಕೆ ನೀರು ಕುಡಿಸುವವರು, ಬಟ್ಟೆ ಒಗೆಯುವವರು, ಬಲೆ ಬೀಸುವವರು, ಗಣಪತಿ ಬಿಡುವವರು ಜಾರದೆ ಇಳಿಯಲು ಮೆಟ್ಟಿಲು, ದನಕ್ಕೊಂದು ಇಳಿಜಾರು, ಹೆಂಗಸರಿಗೆ ಬಟ್ಟೆ ಬದಲಿಸಲು ಗೋಡೆಯ ಮರೆ ಮೊದಲಾಗಲಿ. ದಡಕ್ಕೆ ಬೇಲಿ ಹಾಕಿ ಟಿಕೆಟ್ ಹರಿದರೆ ಊರವರು ತಮ್ಮ ಹೊಳೆಗೇ ಹೊರಗಿನವರಾಗುತ್ತಾರೆ. ದೋಣಿ ನಡೆಸುವ ಕೆಲಸವೂ ನೀರಿನ ಸುಳಿ ಬಲ್ಲ ಇಲ್ಲಿನ ಮೀನುಗಾರರಿಗೇ ಸಿಗಲಿ. ಬೇಸಿಗೆಯಲ್ಲಿ ಹೊಳೆ ಗುಂಡಿಗುಂಡಿಯಾಗಿ ಒಡೆದಾಗ ಅವರ ಕೈ ಖಾಲಿಯಾಗಬೇಕಿಲ್ಲ: ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ 7.69 ಟಿಎಂಸಿ ಸಾಮರ್ಥ್ಯದ ಕಾರಂಜಾ ಜಲಾಶಯವಿದೆ. ಅಲ್ಲಿ ನೀರು ಉಳಿದ ವರ್ಷ ದೋಣಿಗಳನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ, ಮಳೆಗಾಲ ಕಳೆದ ಮೇಲೆ ಮಾಂಜ್ರಾಕ್ಕೆ ಮರಳಿ ತರಬಹುದು.