ಉಜ್ಜಿದಷ್ಟೂ ತೆಳುವಾಗುವ ಹೊಳಪು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಾರಿಗೆ ಪಾಲಿಶ್ ಹಾಕಿ ಉಜ್ಜಿದರೆ ಕೈಯಲ್ಲಿದ್ದ ಬಟ್ಟೆಗೆ ಕಾರಿನದೇ ಬಣ್ಣ ಹತ್ತುತ್ತಿತ್ತು. ಬಣ್ಣವೇ ಮೇಲ್ಪದರವಾಗಿದ್ದ ದಿನಗಳವು. ಏನೋ ಸವೆಯುತ್ತಿದೆ ಎಂಬುದಕ್ಕೆ ಬಟ್ಟೆಯೇ ಸಾಕ್ಷಿಯಾಗಿತ್ತು. 1980ರ ದಶಕದಿಂದೀಚೆಗೆ ಜಗತ್ತಿನ ಕಾರು ಕಾರ್ಖಾನೆಗಳು ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಪದರವನ್ನು ಬಳಿಯುವುದು ರೂಢಿಯಾಯಿತು. ಅದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಇಂದು ರಸ್ತೆಯಲ್ಲಿರುವ ಬಹುಪಾಲು ಕಾರುಗಳ ಹೊಳಪೆಲ್ಲ ಅದರದೇ. ಅದನ್ನು ಎಷ್ಟು ಉಜ್ಜಿದರೂ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಸವೆತ ಹಾಗೇ ಇದೆ, ಅದರ ಗುರುತು ಮಾತ್ರ ಕಾಣೆಯಾಗಿದೆ.

ಈ ಪದರದ ದಪ್ಪ ಎಷ್ಟೆಂದು ಕೇಳಿದರೆ ಕಾರಿನ ಒಡೆಯರಲ್ಲಿ ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಕಾರ್ಖಾನೆಯಲ್ಲಿ ಕಾರಿನ ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ತುಕ್ಕು ತಡೆಯುವ ಎಪಾಕ್ಸಿಯನ್ನು ಮೊದಲು ಹತ್ತಿಸುತ್ತಾರೆ. ಅದು ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ 35ರಿಂದ 50 ಮೈಕ್ರಾನ್ ಕ್ಲಿಯರ್ ಕೋಟ್. ಎಲ್ಲ ಸೇರಿದರೂ 100ರಿಂದ 150 ಮೈಕ್ರಾನ್ ಅಷ್ಟೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ತಲೆಗೂದಲು ಸುಮಾರು 70 ಮೈಕ್ರಾನ್. ಹತ್ತು-ಹದಿನೈದು ವರ್ಷದ ಬಿಸಿಲು, ಮಳೆ, ಹಕ್ಕಿಯ ಹಿಕ್ಕೆ ಎಲ್ಲವನ್ನೂ ತಡೆಯಬೇಕಾದ ಕವಚ ಒಂದು ಕೂದಲಿಗಿಂತ ತೆಳ್ಳಗಿದೆ.

ಇನ್ನು ಪಾಲಿಶ್. ಗೀರು ಎಂದರೆ ಮೇಲ್ಮೈಯಲ್ಲಿ ಆದ ಕಾಲುವೆ. ಅದು ಕಾಣಬಾರದೆಂದರೆ ಸುತ್ತಲಿನ ಮೇಲ್ಮೈಯನ್ನು ಆ ಕಾಲುವೆಯ ತಳದ ಮಟ್ಟಕ್ಕೆ ಇಳಿಸಬೇಕು. ಪಾಲಿಶ್ ಮತ್ತು ಕಾಂಪೌಂಡ್‌ಗಳಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ಸೂಕ್ಷ್ಮ ಕಣಗಳು ಮಾಡುವ ಕೆಲಸ ಇದೇ. ಸಾಣೆಗೆ ಕೊಟ್ಟ ಕುಡುಗೋಲು ಪ್ರತಿ ಸಲವೂ ಹೊಸದರಂತೆ ಹೊಳೆಯುತ್ತದೆ, ಪ್ರತಿ ಸಲವೂ ಒಂದಿಷ್ಟು ಸಣ್ಣಗಾಗಿರುತ್ತದೆ. ನಯವಾದ ಪಾಲಿಶ್ ಒಂದು ಮೈಕ್ರಾನಿಗಿಂತ ಕಡಿಮೆ ತೆಗೆದೀತು. ಉಣ್ಣೆಯ ಪ್ಯಾಡಿಗೆ ಕಾಂಪೌಂಡ್ ಹಚ್ಚಿ ಮೆಷಿನ್ ಓಡಿಸಿದರೆ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಮೈಕ್ರಾನ್ ಹೋಗುತ್ತದೆ. ಕಾರಿನ ಇಡೀ ಆಯುಷ್ಯದಲ್ಲಿ ಒಟ್ಟು 8ರಿಂದ 12 ಮೈಕ್ರಾನಿಗಿಂತ ಹೆಚ್ಚು ತೆಗೆಯಬಾರದು ಎಂಬುದು ಈ ಕಸುಬಿನವರೇ ಇಟ್ಟುಕೊಂಡಿರುವ ಮಿತಿ. ವರ್ಷಕ್ಕೊಮ್ಮೆ ಸರ್ವೀಸಿನ ಜೊತೆಗೆ ‘ರಬ್ಬಿಂಗ್-ಪಾಲಿಶ್’ ಮಾಡಿಸುವ ಕಾರು ನಾಲ್ಕೈದು ವರ್ಷದಲ್ಲೇ ಆ ಮಿತಿಗೆ ಬಂದು ನಿಲ್ಲುತ್ತದೆ.

ಮಿತಿ ದಾಟಿದರೆ ಏನಾಗುತ್ತದೆ? ಕ್ಲಿಯರ್ ಕೋಟಿನಲ್ಲಿ ಅತಿನೇರಳೆ ಕಿರಣವನ್ನು ಹೀರುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಪದರ ತೆಳುವಾದಂತೆ ಅವೂ ಕಡಿಮೆಯಾಗುತ್ತವೆ. ಇಲ್ಲಿನ ಲೆಕ್ಕ ಸರಳ ಕಳೆಯುವ ಲೆಕ್ಕವಲ್ಲ. 40 ಮೈಕ್ರಾನಿನ ಪದರ ಶೇ. 1ರಷ್ಟು ಕಿರಣವನ್ನು ಮಾತ್ರ ಒಳಬಿಡುತ್ತದೆ ಎಂದಿಟ್ಟುಕೊಳ್ಳಿ. ಅದು 30 ಮೈಕ್ರಾನಿಗೆ ಇಳಿದರೆ ಒಳಹೋಗುವ ಕಿರಣ ಶೇ. 3 ದಾಟುತ್ತದೆ, 20ಕ್ಕೆ ಇಳಿದರೆ ಶೇ. 10 ಮುಟ್ಟುತ್ತದೆ. ದಪ್ಪದ ಕಾಲುಭಾಗ ಕಳೆದುಕೊಂಡವನ ಮೇಲೆ ಮೂರು ಪಟ್ಟು ಬಿಸಿಲು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾರ್ಚ್-ಏಪ್ರಿಲ್ ನಡುಹಗಲಲ್ಲಿ ಇಲ್ಲಿನ ಅತಿನೇರಳೆ ಸೂಚ್ಯಂಕ 11 ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾಪಕದಲ್ಲಿ ಅದೇ ಕೊನೆಯ ಮೆಟ್ಟಿಲು. ಹವೆ ತಂಪಾಗಿದೆ ಎಂದು ಕಾರನ್ನು ಬಯಲಲ್ಲಿ ನಿಲ್ಲಿಸುವವರು ಇದನ್ನು ಗಮನಿಸಬೇಕು, ಬಣ್ಣವನ್ನು ತಿನ್ನುವುದರಲ್ಲಿ ಶಾಖದ ಜೊತೆ ಈ ಕಿರಣದ ಪಾಲೂ ದೊಡ್ಡದು.

ಕಿರಣ ಕೆಳಗಿಳಿದರೆ ಏನು ಅನಾಹುತ ಎಂಬುದಕ್ಕೆ ಅಮೆರಿಕದ ಅನುಭವವಿದೆ. 1980ರ ದಶಕದಲ್ಲಿ ಅಲ್ಲಿನ ಕೆಲವು ಮಾದರಿಗಳಿಗೆ ನಡುವಿನ ಪ್ರೈಮರ್ ಪದರವಿಲ್ಲದೆ ಬಣ್ಣ ಹಾಕಲಾಗಿತ್ತು. ಎಪಾಕ್ಸಿಗೆ ಅತಿನೇರಳೆ ಕಿರಣ ಆಗಿಬರುವುದಿಲ್ಲ, ತಾಗಿದರೆ ಪುಡಿಯಾಗುತ್ತದೆ. ಬಣ್ಣವನ್ನು ದಾಟಿ ಬಂದ ಕಿರಣ ಎಪಾಕ್ಸಿಯನ್ನು ಕೆಡಿಸಿತು, ಮೇಲಿನ ಬಣ್ಣ ಹಾಳೆ ಹಾಳೆಯಾಗಿ ಎದ್ದುಬಂತು ಎಂದು ಗ್ರಾಹಕರು 1990ರ ದಶಕದಲ್ಲಿ ಫೋರ್ಡ್ ಕಂಪನಿಯ ಮೇಲೆ ದಾವೆ ಹೂಡಿದರು. ಅಲ್ಲಿ ತಡೆಯುವ ಪದರವನ್ನು ಕಾರ್ಖಾನೆಯಲ್ಲೇ ಬಿಟ್ಟಿದ್ದರು ಎಂಬುದು ವಾದ. ಇಲ್ಲಿ ನಾವೇ ದುಡ್ಡು ಕೊಟ್ಟು ತೆಗೆಸುತ್ತಿದ್ದೇವೆ.

ಮೊದಲು ಕೆಡುವುದು ಬಾನೆಟ್, ಟಾಪು, ಡಿಕ್ಕಿಯ ಮೇಲ್ಭಾಗ. ಬಿಳಿಚಿಕೊಂಡ ಮಚ್ಚೆ ಕಾಣಿಸುತ್ತದೆ, ಆಮೇಲೆ ಅಂಚು ಹರಿದ ಸಿಪ್ಪೆ. ಆ ಹಂತದಲ್ಲಿ ಯಾವ ಪಾಲಿಶೂ ಕೆಲಸಕ್ಕೆ ಬಾರದು.

ಗೀರು ಹುಟ್ಟುವುದೆಲ್ಲಿ ಎಂಬುದನ್ನು ನೋಡಿದರೆ ಸಂಕಟವಾಗುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬೆಳಗ್ಗೆ ಒಂದೇ ಬಟ್ಟೆ, ಒಂದೇ ಬಕೆಟ್ಟು ಹಿಡಿದು ಸಾಲು ಕಾರುಗಳನ್ನು ಒರೆಸಲಾಗುತ್ತದೆ. ರಸ್ತೆಯ ದೂಳಿನಲ್ಲಿ, ಕಟ್ಟಡ ಕೆಲಸದ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಗಡಸುತನದ ಮಾಪಕದಲ್ಲಿ ಅದಕ್ಕೆ 7, ಉಕ್ಕಿನ ಚಾಕುವಿಗಿಂತ ಗಟ್ಟಿ. ಕ್ಲಿಯರ್ ಕೋಟ್ ಪ್ಲಾಸ್ಟಿಕ್ ಜಾತಿಯದು. ನೀರು ಹಾಯಿಸದೆ ಒರೆಸಿದ ಪ್ರತಿ ಬೆಳಗೂ ಗೀರುಗಳನ್ನು ಬರೆಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದಾಗ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯ ಹಾಗೆ ಕಾಣುವುದು ಇವೇ. (ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿಂಚುವುದರಿಂದ ವೃತ್ತದಂತೆ ತೋರುತ್ತದೆ.) ಅದನ್ನು ಕಂಡು ಒಡೆಯರು ಡೀಟೇಲಿಂಗ್ ಅಂಗಡಿಗೆ ಓಡುತ್ತಾರೆ, ಮರುದಿನದಿಂದಲೇ ಅದೇ ಬಟ್ಟೆ ಮತ್ತೆ ಶುರು.

ಅಂಗಡಿಯಲ್ಲಿ ಎರಡು ಬಗೆಯ ಮರೆಮಾಚುವಿಕೆ ನಡೆಯಬಹುದು. ಅಗ್ಗದ್ದು, ಎಣ್ಣೆ-ಮೇಣ ತುಂಬಿದ ಪಾಲಿಶ್. ಅದು ಗೀರಿನೊಳಗೆ ಕೂತು ಕಣ್ಣಿಗೆ ಮಂಕು ಕವಿಸುತ್ತದೆ, ನಾಲ್ಕಾರು ತೊಳೆತಕ್ಕೆ ಹೋಗುತ್ತದೆ, ಗ್ರಾಹಕ ಮತ್ತೆ ಬರುತ್ತಾನೆ. ದುಬಾರಿಯದು ಸೆರಾಮಿಕ್ ಕೋಟಿಂಗ್. ಅದರ ಮೇಲೆ ‘9ಎಚ್ ಗಡಸು’ ಎಂದು ಬರೆದಿರುತ್ತದೆ. ವಜ್ರಕ್ಕೆ ಮೋಸ್ ಮಾಪಕದಲ್ಲಿ 10 ಎಂದು ಓದಿದವರು ಇದು ಅದಕ್ಕೊಂದೇ ಕಡಿಮೆ ಎಂದುಕೊಳ್ಳುತ್ತಾರೆ. ಈ 9ಎಚ್ ಪೆನ್ಸಿಲಿನ ಸೀಸದ ಗಡಸುತನ. ಕೋಟಿಂಗ್ ದಪ್ಪ ಒಂದೆರಡು ಮೈಕ್ರಾನ್ ಇದ್ದರೆ ಹೆಚ್ಚು, ಅದನ್ನು ಹಚ್ಚುವ ಮುನ್ನ ಮೇಲ್ಮೈ ಕನ್ನಡಿಯಾಗಲೆಂದು ಕಾಂಪೌಂಡ್ ಹೊಡೆದು ತೆಗೆಯುವುದು ಅದಕ್ಕಿಂತ ಹೆಚ್ಚೇ ಇರುತ್ತದೆ. ನೀರು ಜಾರಿಹೋಗುವ ಗುಣ ನಿಜ, ತೊಳೆಯುವುದು ಸುಲಭವಾಗುವುದೂ ನಿಜ. ಕಳೆದುಹೋದ ಕ್ಲಿಯರ್ ಕೋಟಿಗೆ ಅದು ಬದಲಿಯಲ್ಲ.

ಹಳೆ ಕಾರಿನ ಮಾರುಕಟ್ಟೆಯೇ ನನ್ನ ದೊಡ್ಡ ಚಿಂತೆ. ಕಾರು ಕೈ ಬದಲಾಯಿಸುವಾಗ ಒಮ್ಮೆ ಮಿರಿಮಿರಿ ಮಿಂಚಿಸುವುದು ವಾಡಿಕೆ. ಎಷ್ಟು ಸಲ ಉಜ್ಜಿದೆ ಎಂಬುದು ಆರ್‌ಸಿಯಲ್ಲೂ ಇರುವುದಿಲ್ಲ, ಸರ್ವೀಸ್ ಪುಸ್ತಕದಲ್ಲೂ ಇರುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಎರಡನೆಯ, ಮೂರನೆಯ ಒಡೆಯನ ಕೈಯಲ್ಲಿ ಸಿಪ್ಪೆ ಏಳುತ್ತದೆ, ಆತ ಬಿಸಿಲನ್ನು ಬೈಯುತ್ತಾನೆ.

ಆಮೇಲಿನ ದಾರಿ ಮರು ಪೇಂಟಿಂಗ್. ಕಾರ್ಖಾನೆಯಲ್ಲಿ ಬರಿಯ ಲೋಹದ ಮೈಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ. ವೈರು, ಪ್ಲಾಸ್ಟಿಕ್ಕು, ಸೀಟು ತುಂಬಿದ ಕಾರನ್ನು 60 ಡಿಗ್ರಿಯ ಆಸುಪಾಸಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಅಷ್ಟು ಕಡಿಮೆ ಶಾಖದಲ್ಲಿ ಪದರ ಗಟ್ಟಿಯಾಗಲು ಬಳಸುವ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದರ ಮಂಜು ಶ್ವಾಸಕೋಶಕ್ಕೆ ಇಳಿದರೆ ಆಸ್ತಮಾ ಹುಟ್ಟಬಹುದು, ಒಮ್ಮೆ ಮೈ ಅದಕ್ಕೆ ಸೂಕ್ಷ್ಮವಾದರೆ ಮುಂದೆ ಎಳ್ಳಷ್ಟು ತಾಗಿದರೂ ಉಸಿರು ಕಟ್ಟುತ್ತದೆ. ವಾಹನಗಳಿಗೆ ಸ್ಪ್ರೇ ಪೇಂಟ್ ಮಾಡುವವರಿಗೆ ಕಸುಬಿನಿಂದ ಬರುವ ಆಸ್ತಮಾದ ಅಪಾಯ ಸರಾಸರಿ ಕೆಲಸಗಾರನಿಗಿಂತ ಸುಮಾರು 80 ಪಟ್ಟು ಹೆಚ್ಚು ಎನ್ನುತ್ತದೆ ಬ್ರಿಟನ್ನಿನ ಆರೋಗ್ಯ-ಸುರಕ್ಷತಾ ಇಲಾಖೆ. ಅಲ್ಲಿ ಹೊರಗಿನಿಂದ ಶುದ್ಧ ಗಾಳಿ ತರುವ ಮುಖವಾಡ ಕಡ್ಡಾಯ. ನಮ್ಮಲ್ಲಿ ರಸ್ತೆ ಬದಿಯ ಟಿಂಕರಿಂಗ್ ಶೆಡ್ಡುಗಳಲ್ಲಿ ಮೂಗಿಗೆ ಕಟ್ಟಿದ ಕರ್ಚೀಫೇ ರಕ್ಷಣೆ. ನಾವು ಅವಧಿಗೆ ಮೊದಲೇ ಸವೆಸಿದ ಒಂದೊಂದು ಬಾನೆಟ್ಟೂ ಆ ಶೆಡ್ಡಿಗೇ ಹೋಗುತ್ತದೆ.

ಪಾಲಿಶ್ ಮಾಡಿಸಲೇಬೇಕೆಂದಿದ್ದರೆ ಮೊದಲು ಅಳತೆ ಕೇಳಿ. ತಗಡಿನ ಮೇಲಿನ ಒಟ್ಟು ದಪ್ಪ ತೋರಿಸುವ ಗೇಜ್ ಈಗ ದುಬಾರಿಯೇನಲ್ಲ. ಅದು ಕ್ಲಿಯರ್ ಕೋಟನ್ನು ಬೇರೆಯಾಗಿ ಅಳೆಯಲಾರದು, ಪ್ಲಾಸ್ಟಿಕ್ ಬಂಪರಿನ ಮೇಲಂತೂ ಸಾಮಾನ್ಯ ಗೇಜ್ ನಡೆಯುವುದೇ ಇಲ್ಲ. ಆದರೂ ಪಾಲಿಶ್‌ಗೆ ಮುಂಚಿನ ಮತ್ತು ಆಮೇಲಿನ ಅಂಕಿಯನ್ನು ಬರೆದಿಟ್ಟರೆ ಹೋದದ್ದೆಷ್ಟು ಎಂಬುದರ ಅಂದಾಜು ಸಿಗುತ್ತದೆ. ಅಂಚು, ಮೂಲೆಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚದೆ ಮೆಷಿನ್ ಮುಟ್ಟಿಸಲು ಬಿಡಬೇಡಿ. ಬಣ್ಣ ತೆಳುವಾಗಿರುವುದೂ ಅಲ್ಲೇ, ಪ್ಯಾಡಿನ ಒತ್ತಡ ಹೆಚ್ಚು ಬೀಳುವುದೂ ಅಲ್ಲೇ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ತೆಗೆಸುವ ಹಟ ಬೇಡ. ಬಾನೆಟ್ಟಿನ ಅಂಕಿ ಬಾಗಿಲಿನ ಅಂಕಿಗಿಂತ ಹತ್ತು-ಹದಿನೈದು ಮೈಕ್ರಾನ್ ಕಡಿಮೆ ಬಂದರೆ ಅಲ್ಲಿ ಆಗಲೇ ಸಾಕಷ್ಟು ಉಜ್ಜಾಟ ನಡೆದಿದೆ ಎಂದು ಅನುಮಾನಿಸಿ, ಕಾಂಪೌಂಡ್ ಬಿಟ್ಟು ಧಾರಾಳ ನೀರಿನಲ್ಲಿ ತೊಳೆಸಿ ಮೇಣ ಹಚ್ಚಿಸಿಕೊಂಡು ಬನ್ನಿ.