ಎಂಟು ಡಾಲರಿನ ಕತೆಯಲ್ಲಿ ಹೇಳದೆ ಬಿಟ್ಟದ್ದು

“ಜೇಬಿನಲ್ಲಿ ಬರೀ ಎಂಟು ಡಾಲರ್ ಇಟ್ಟುಕೊಂಡು ಅಮೆರಿಕಕ್ಕೆ ಹೋದರು. ಇವತ್ತು ವಾಲ್‌ಸ್ಟ್ರೀಟಿನಲ್ಲಿ ನೂರಾರು ಕೋಟಿಯ ಒಡೆಯರು. ಮನಸ್ಸು ಮಾಡಿದರೆ ನೀವೂ ಆಗಬಹುದು!” ಕಾಲೇಜು ವಾರ್ಷಿಕೋತ್ಸವದ ವೇದಿಕೆ, ಭಾನುವಾರದ ಪುರವಣಿ, ವಿದೇಶಿ ಶಿಕ್ಷಣದ ಕನ್ಸಲ್ಟೆನ್ಸಿಗಳ ಕರಪತ್ರ, ಎಲ್ಲಿ ನೋಡಿದರೂ ಇದೇ ಮಾತು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎಂಟು ಡಾಲರ್ ಸುಳ್ಳೆಂದು ನಾನು ಹೇಳುತ್ತಿಲ್ಲ, ಅದು ನಿಜ. ಆ ನಿಜವನ್ನು ಹಿಡಿದುಕೊಂಡು ಮಕ್ಕಳಿಗೆ ಕಲಿಸುತ್ತಿರುವ ಪಾಠ ಮಾತ್ರ ತಪ್ಪು.

ಎಂಟು ಡಾಲರಿನ ಆ ಕಾಲದಲ್ಲಿ ವಿದೇಶಕ್ಕೆ ಹೋದ ಹಿರಿಯರ ಹಳೆಯ ಪಾಸ್‌ಪೋರ್ಟ್ ಮನೆಯಲ್ಲಿದ್ದರೆ ಅದರ ಕೊನೆಯ ಪುಟಗಳನ್ನು ತಿರುವಿ ನೋಡಿ. ವಿದೇಶಿ ವಿನಿಮಯಕ್ಕೆಂದೇ ಬಿಟ್ಟ ಜಾಗ ಅಲ್ಲಿರುತ್ತದೆ. ಬ್ಯಾಂಕಿನ ರಬ್ಬರ್ ಮೊಹರು, ಅಧಿಕಾರಿಯ ಸಹಿ, ಪಕ್ಕದಲ್ಲಿ ಶಾಯಿಯಲ್ಲಿ ಬರೆದ ಮೊತ್ತ. 1960ರ ದಶಕದ ಕೊನೆಯಲ್ಲಿ ದೇಶದ ಬೊಕ್ಕಸದಲ್ಲಿ ಡಾಲರಿಗೆ ಬರವಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಡಾಲರಿನ ಬೆಲೆ 4.76 ರೂಪಾಯಿಯಿಂದ ಒಮ್ಮೆಗೇ 7.50ಕ್ಕೆ ಏರಿತು. ಹೊರಡುವವರ ಕೈಗೆ ರಿಸರ್ವ್ ಬ್ಯಾಂಕ್ ಎಣಿಸಿ ಎಣಿಸಿ ಕೊಡುತ್ತಿತ್ತು. ಬಹಳ ಜನರಿಗೆ ಸಿಕ್ಕದ್ದು ಎಂಟೇ ಡಾಲರ್, ಅಂದರೆ ಅರವತ್ತು ರೂಪಾಯಿ. ಕಾಫಿ ತೋಟದ ಮಾಲೀಕರ ಮಗನಿಗೂ ಅಷ್ಟೇ, ಪ್ರೈಮರಿ ಶಾಲೆಯ ಮೇಷ್ಟರ ಮಗನಿಗೂ ಅಷ್ಟೇ. ಆ ಅಂಕಿಯಿಂದ ತಿಳಿಯುವುದು ಸರ್ಕಾರದ ನಿಯಮ. ಆ ಮನೆಯಲ್ಲಿ ಬಡತನವಿತ್ತೋ ಸಿರಿವಂತಿಕೆಯಿತ್ತೋ ಅದು ಹೇಳುವುದಿಲ್ಲ. ಇಂದು ಅದೇ ರಿಸರ್ವ್ ಬ್ಯಾಂಕ್ ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗೆ ಕಳಿಸಲು ಬಿಡುತ್ತದೆ. ಹಾಗೆಂದು ಈಗ ಹೋಗುವವರೆಲ್ಲ ಶ್ರೀಮಂತರೇ?

ಇನ್ನೊಂದು ಜೇಬಿನಲ್ಲಿ ಏನಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ. ಐಐಟಿಯದ್ದೋ ಸುರತ್ಕಲ್ ಎಂಜಿನಿಯರಿಂಗ್ ಕಾಲೇಜಿನದ್ದೋ ಬೆಂಗಳೂರು ಮೆಡಿಕಲ್ ಕಾಲೇಜಿನದ್ದೋ ಪದವಿಪತ್ರ, ಅದೂ ಬಹುಪಾಲು ಸರ್ಕಾರದ ಖರ್ಚಿನಲ್ಲಿ ಬಂದದ್ದು. ಅಮೆರಿಕದ ವಿಶ್ವವಿದ್ಯಾಲಯವೊಂದು ಫೀಸು ಮನ್ನಾ ಮಾಡಿ ತಿಂಗಳಿಗಿಷ್ಟು ಭತ್ಯೆ ಕೊಡುತ್ತೇವೆಂದು ಬರೆದ ಕಾಗದ. ಸಲೀಸಾಗಿ ಬರುವ ಇಂಗ್ಲಿಷ್. ವಿಮಾನದ ಟಿಕೆಟ್ಟಿಗೆ ಹಣ ಹೊಂದಿಸಬಲ್ಲ ಅಪ್ಪ, ಇಲ್ಲವೇ ಚಿಕ್ಕಪ್ಪ. ಇದೆಲ್ಲ ಅಕ್ರಮವೂ ಅಲ್ಲ, ನಾಚಿಕೆಪಡುವಂಥದ್ದೂ ಅಲ್ಲ. ಆದರೆ ಇದನ್ನೆಲ್ಲ ಮುಚ್ಚಿಟ್ಟು ಎಂಟು ಡಾಲರನ್ನಷ್ಟೇ ಎತ್ತಿ ತೋರಿಸಿದರೆ ಕೇಳುವವರಿಗೆ ಮೋಸ ಮಾಡಿದ ಹಾಗೆ.

ಇದಕ್ಕಿಂತ ದೊಡ್ಡ ಸಂಗತಿ ಹುಟ್ಟಿದ ವರ್ಷ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನ್ಯೂಯಾರ್ಕಿನ ಲಿಬರ್ಟಿ ದ್ವೀಪದಲ್ಲಿ ಕೂತು ಭಾರತೀಯರಿಗೂ ಬಾಗಿಲು ತೆರೆದ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದಕ್ಕೆ ಮೊದಲು ಭಾರತಕ್ಕಿದ್ದ ಕೋಟಾ ವರ್ಷಕ್ಕೆ 100 ಜನ. ಇಡೀ ದೇಶಕ್ಕೆ ನೂರು! ಅದಾದರೂ ಸಿಕ್ಕದ್ದು 1946ರಲ್ಲಿ. 1917ರಿಂದ ಅಲ್ಲಿಯವರೆಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು.

ಪೆಶಾವರದ ವೈಷ್ಣೋ ದಾಸ್ ಬಗಾಯಿಯವರ ಹೆಸರು ಎಷ್ಟು ಭಾಷಣಗಳಲ್ಲಿ ಬಂದಿದೆ? 1915ರಲ್ಲಿ ಹೆಂಡತಿ, ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಅವರ ಬಳಿ ಸುಮಾರು 25,000 ಡಾಲರ್ ಇತ್ತೆಂದು ದಾಖಲಾಗಿದೆ. ಅಂಗಡಿ ತೆರೆದರು, ಮನೆ ಕೊಂಡರು, ಅಮೆರಿಕನ್ನರಂತೆಯೇ ಉಡುಪು ತೊಟ್ಟರು, 1921ರಲ್ಲಿ ಪೌರತ್ವವನ್ನೂ ಪಡೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬುವರ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅದೂ ಲೆಕ್ಕಕ್ಕೆ ಬರಲಿಲ್ಲ. ಬಗಾಯಿಯವರ ಪೌರತ್ವ ಹೋಯಿತು. ಪರಕೀಯರು ಭೂಮಿ ಹೊಂದಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನಿನಿಂದಾಗಿ ಆಸ್ತಿಯೂ ಕೈಬಿಟ್ಟಿತು. ಊರಿಗೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಕೇಳಿದರೆ ಅದನ್ನೂ ಕೊಡಲಿಲ್ಲ. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು, ತಮ್ಮ ಕೈಯಿಂದಲೇ.

ಇಪ್ಪತ್ತೈದು ಸಾವಿರ ಡಾಲರ್ ತಂದವರು ಎಲ್ಲವನ್ನೂ ಕಳೆದುಕೊಂಡರು, ಎಂಟು ಡಾಲರ್ ತಂದವರು ಗೆದ್ದರು. ಬಗಾಯಿಯವರ ದುಡಿಮೆಯಲ್ಲಿ ಏನು ಕಡಿಮೆಯಾಗಿತ್ತು? ಅವರು ಐವತ್ತು ವರ್ಷ ಮೊದಲು ಹುಟ್ಟಿದ್ದರು, ಅಷ್ಟೆ. ಇದಕ್ಕೆ ಅದೃಷ್ಟವೆನ್ನದೆ ಬೇರೆ ಯಾವ ಹೆಸರಿಡೋಣ?

ಹಣಕಾಸಿನ ಲೋಕದಲ್ಲಿ ಈ ಕಾಲದ ಆಟ ಇನ್ನೂ ಜೋರು. 1973ರ ಏಪ್ರಿಲ್‌ನಲ್ಲಿ ಶಿಕಾಗೊದಲ್ಲಿ ಆಪ್ಷನ್ಸ್ (ಮುಂದೆ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಇಲ್ಲವೇ ಮಾರುವ ಹಕ್ಕು) ವಿನಿಮಯ ಕೇಂದ್ರ ತೆರೆಯಿತು. ಆಪ್ಷನ್‌ಗೆ ಬೆಲೆ ಕಟ್ಟುವ ಬ್ಲ್ಯಾಕ್–ಶೋಲ್ಸ್ ಸೂತ್ರ ಪ್ರಕಟವಾದದ್ದೂ ಅದೇ ವರ್ಷ. 1975ರ ಮೇ ತಿಂಗಳಲ್ಲಿ ದಲ್ಲಾಳಿಗಳ ನಿಗದಿತ ಕಮಿಷನ್ ರದ್ದಾಯಿತು. ಅಲ್ಲಿಯವರೆಗೆ ಮನೆತನ, ಕ್ಲಬ್ಬು, ಪರಿಚಯಗಳ ಮೇಲೆ ನಡೆಯುತ್ತಿದ್ದ ವಾಲ್‌ಸ್ಟ್ರೀಟಿಗೆ ಇದ್ದಕ್ಕಿದ್ದಂತೆ ಕ್ಯಾಲ್ಕುಲಸ್ ಬಲ್ಲವರು ಬೇಕಾದರು. ಆ ಹೊತ್ತಿಗೆ ಸರಿಯಾಗಿ ಕೈಯಲ್ಲಿ ಎಂಜಿನಿಯರಿಂಗ್ ಪದವಿ ಹಿಡಿದು ಅಲ್ಲಿದ್ದವರು 1965ರ ಬಾಗಿಲಿನಿಂದ ಒಳಬಂದ ನಮ್ಮವರು. ಅವರು ಕೆಲಸಕ್ಕೆ ಸೇರಿ ಕಾಲೂರುವಷ್ಟರಲ್ಲಿ ಮಾರುಕಟ್ಟೆಯೇ ಮೇಲೆದ್ದಿತು. 1982ರ ಆಗಸ್ಟ್‌ನಲ್ಲಿ 777ರ ಆಸುಪಾಸಿನಲ್ಲಿದ್ದ ಡೌ ಜೋನ್ಸ್ ಸೂಚ್ಯಂಕ 2000ದ ಜನವರಿಯಲ್ಲಿ 11,700 ದಾಟಿತ್ತು. ಹದಿನೈದು ಪಟ್ಟು! 1981ರಲ್ಲಿ ಅಮೆರಿಕ ಸರ್ಕಾರದ ಹತ್ತು ವರ್ಷದ ಬಾಂಡಿಗೆ ಶೇ 15ಕ್ಕೂ ಮೇಲಿದ್ದ ಬಡ್ಡಿ ಮುಂದೆ ನಾಲ್ಕು ದಶಕ ಇಳಿಯುತ್ತಲೇ ಹೋಯಿತು. ಬಡ್ಡಿ ಇಳಿದಷ್ಟೂ ಹಳೆಯ ಬಾಂಡಿನ ಬೆಲೆ ಏರುತ್ತದೆ. ಹೊಳೆ ತುಂಬಿ ಹರಿಯುವಾಗ ದೋಣಿ ಹತ್ತಿದವರು ಬೇಗ ಊರು ಮುಟ್ಟಿದರು. ಅವರಿಗೆ ಹುಟ್ಟು ಹಾಕಲು ಬರುತ್ತಿತ್ತು ನಿಜ, ಹೊಳೆಯೂ ಅವರ ಕಡೆಗಿತ್ತು.

ಈಗ 2008ಕ್ಕೆ ಬನ್ನಿ. ಸೆಪ್ಟೆಂಬರ್ 15ರಂದು ವಾಲ್‌ಸ್ಟ್ರೀಟಿನ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಮುಂದಿನ ಫೆಬ್ರುವರಿಯಲ್ಲಿ ಬಂದ ಕಾನೂನು, ಸರ್ಕಾರದ ನೆರವು ಪಡೆದ ಬ್ಯಾಂಕುಗಳು ಎಚ್-1ಬಿ ವೀಸಾದ ಮೇಲೆ ಹೊರಗಿನವರನ್ನು ನೇಮಿಸಿಕೊಳ್ಳಲು ಬಿಗಿ ಷರತ್ತು ಹಾಕಿತು. ಕೊಟ್ಟ ಆಫರ್ ವಾಪಸ್ ಪಡೆದದ್ದೂ ಉಂಟು. ಆ ವರ್ಷ ಹಣಕಾಸು ಓದಿ ಹೊರಬಂದ ಹುಡುಗ ಹುಡುಗಿಯರು 1983ರಲ್ಲಿ ಹೊರಬಂದವರಿಗಿಂತ ದಡ್ಡರಾಗಿದ್ದರೇ? ಮರಳಿ ಬಂದವರನ್ನು ನೆಂಟರಿಷ್ಟರು “ಯಾಕೋ ಅಲ್ಲಿ ಸೆಟ್ಲ್ ಆಗಲಿಲ್ಲ” ಎಂದು ಕೇಳುವ ಧಾಟಿ ಕಂಡವರಿಗೆ ಗೊತ್ತು, ಎಂಟು ಡಾಲರಿನ ಕತೆ ಎಂಥ ಗಾಯ ಮಾಡುತ್ತದೆಂದು. ಗೆದ್ದವರ ಗೆಲುವಿಗೆಲ್ಲ ಶ್ರಮವೇ ಕಾರಣವೆಂದು ಒಪ್ಪಿದರೆ, ಸೋತವರ ಸೋಲಿಗೆಲ್ಲ ಸೋಮಾರಿತನವೇ ಕಾರಣವೆಂದು ತಾನಾಗಿಯೇ ಆಗಿಬಿಡುತ್ತದೆ.

ಇತರ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಭಾರತೀಯರ ರಕ್ತದಲ್ಲೇ ಗಣಿತವಿದೆ ಎನ್ನುತ್ತಾರೆ. ವೀಸಾ ಕಾನೂನು ಪದವೀಧರರನ್ನೇ ಆರಿಸಿ ಆರಿಸಿ ಕರೆಸಿಕೊಂಡರೆ ಅಲ್ಲಿರುವವರು ಲೆಕ್ಕದಲ್ಲಿ ಚುರುಕಾಗಿರದೆ ಇನ್ನೇನು? ಸಿಟಿಗ್ರೂಪ್ ಮುಖ್ಯಸ್ಥರಾಗಿದ್ದ ವಿಕ್ರಮ್ ಪಂಡಿತ್ ಬರಿಗೈಲಿ ಬಂದವರೆಂಬ ಮಾತೂ ಇದೆ. ಅವರ ತಂದೆ ಬರೋಡಾದ ದೊಡ್ಡ ಔಷಧ ಕಂಪನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಮಾಸ್ಟರ್‌ಕಾರ್ಡಿನಿಂದ ವಿಶ್ವಬ್ಯಾಂಕಿಗೆ ಹೋದ ಅಜಯ್ ಬಂಗಾ ಸೇನೆಯ ಲೆಫ್ಟಿನೆಂಟ್ ಜನರಲ್ ಒಬ್ಬರ ಮಗ, ಅಹಮದಾಬಾದಿನ ಐಐಎಂನಲ್ಲಿ ಓದಿದವರು. ಮುಂದೆ ಸಲಹಾ ಸಂಸ್ಥೆ ಮೆಕಿನ್ಸಿಯ ಮುಖ್ಯಸ್ಥರಾದ ರಜತ್ ಗುಪ್ತಾ ಮಾತ್ರ ಹದಿಹರೆಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡು ನಿಜಕ್ಕೂ ಕಷ್ಟ ಕಂಡವರು. ಅವರಿಗೂ ಮೆಕಿನ್ಸಿ ಮೊದಲು ಕೆಲಸ ಕೊಟ್ಟಿರಲಿಲ್ಲ. ಹಾರ್ವರ್ಡ್ ಪ್ರಾಧ್ಯಾಪಕರೊಬ್ಬರು ಅವರ ಪರವಾಗಿ ಕಾಗದ ಬರೆದ ಮೇಲೆ ಬಾಗಿಲು ತೆರೆಯಿತು. (ಗುಪ್ತಾ ಅವರೇ ಮುಂದೆ ಗೋಲ್ಡ್‌ಮನ್ ಸ್ಯಾಕ್ಸ್ ಆಡಳಿತ ಮಂಡಳಿಯ ಗುಟ್ಟನ್ನು ಹೆಜ್ ಫಂಡ್ ನಡೆಸುತ್ತಿದ್ದ ಗೆಳೆಯ ರಾಜರತ್ನಂಗೆ ಫೋನಿನಲ್ಲಿ ಹೇಳಿ 2012ರಲ್ಲಿ ಅಪರಾಧಿಯೆಂದು ಸಾಬೀತಾದ ಭಾಗವನ್ನು ಭಾಷಣಗಳು ಬಿಟ್ಟುಬಿಡುತ್ತವೆ.)

ಇನ್ನೂ ಹಿಂದಕ್ಕೆ ಹೋದರೂ ಇದೇ ಕತೆ. 1848ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಬಡ ನೇಕಾರನ ಮಗ ಆಂಡ್ರ್ಯೂ ಕಾರ್ನೆಗಿ ವಾರಕ್ಕೆ 1.20 ಡಾಲರಿಗೆ ಹತ್ತಿ ಗಿರಣಿಯಲ್ಲಿ ದುಡಿದದ್ದು ನಿಜ. ಆದರೆ ಅವರ ಕೈಗೆ ಮೊದಲ ಷೇರು ಬಂದದ್ದು ಪೆನ್ಸಿಲ್ವೇನಿಯ ರೈಲ್ವೆಯ ಅಧಿಕಾರಿ, ಅವರ ಮೇಲಧಿಕಾರಿ ಥಾಮಸ್ ಸ್ಕಾಟ್ ತೋರಿಸಿದ ದಾರಿಯಿಂದ. ಕೊಳ್ಳಲು ಹೇಳಿದ್ದು ಆಡಮ್ಸ್ ಎಕ್ಸ್‌ಪ್ರೆಸ್ ಷೇರು, ಆ ಕಂಪನಿಯ ವ್ಯವಹಾರವಿದ್ದದ್ದು ಅದೇ ರೈಲ್ವೆಯ ಜೊತೆ. ಬಡ ಹುಡುಗರು ಮೇಲೆ ಬರುವ ಕಾದಂಬರಿಗಳಿಂದಲೇ ಹೆಸರಾದ ಹೊರೇಷಿಯೊ ಆಲ್ಜರ್‌ನ 1868ರ ‘ರ‍್ಯಾಗ್ಡ್ ಡಿಕ್’ನಲ್ಲೂ ಬೂಟ್ ಪಾಲಿಶ್ ಹುಡುಗನ ಬದುಕು ತಿರುಗುವುದು ದುಡಿಮೆಯೊಂದರಿಂದಲೇ ಅಲ್ಲ. ನೀರಿಗೆ ಬಿದ್ದ ಮಗುವನ್ನು ಅವನು ಎತ್ತುತ್ತಾನೆ, ಮಗುವಿನ ಶ್ರೀಮಂತ ತಂದೆ ಗುಮಾಸ್ತೆ ಕೆಲಸ ಕೊಡುತ್ತಾನೆ. ಹೊಗಳುವವರೇ ಆ ಪುಸ್ತಕ ಓದಿಲ್ಲ.

ನಮಗೆ ಇಂಥ ಕತೆ ನಂಬಲು ಯಾಕಿಷ್ಟು ಆತುರ? ಪವಾಡ ಬಯಲು ಮಾಡಿದ ಎಚ್. ನರಸಿಂಹಯ್ಯನವರಂಥವರು ಬಾಳಿದ ನಾಡಿದು. ಗಾಳಿಯಿಂದ ವಿಭೂತಿ ತೆಗೆದರೆ ಅನುಮಾನಿಸುವ ವಿದ್ಯಾವಂತರು, ಎಂಟು ಡಾಲರಿನಿಂದ ಎಂಟು ನೂರು ಕೋಟಿ ತೆಗೆದೆನೆಂದರೆ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಬೆಲೆ ತೆರುವುದು ಸೈಟಿನ ಪತ್ರ ಬ್ಯಾಂಕಿನಲ್ಲಿಟ್ಟು ಮಗಳನ್ನು ಎಂಎಸ್‌ಗೆ ಕಳಿಸುವ ಅಪ್ಪ ಅಮ್ಮ. ಓದು ಮುಗಿದ ಮೇಲೆ ಅವಳ ಹೆಸರು ಹೋಗುವುದು ಚೀಟಿ ಎತ್ತುವ ಪೆಟ್ಟಿಗೆಗೆ: ಸಾಮಾನ್ಯ ಕೋಟಾದಲ್ಲಿ ವರ್ಷಕ್ಕೆ 65,000 ಎಚ್-1ಬಿ ವೀಸಾ, ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. 2023ರಲ್ಲಿ ಅದಕ್ಕೆ ಬಂದ ನೋಂದಣಿ ಏಳು ಲಕ್ಷಕ್ಕೂ ಹೆಚ್ಚು, ಆಯ್ಕೆ ಮಾಡಿದ್ದು ಕಂಪ್ಯೂಟರ್. ಅದನ್ನೂ ದಾಟಿದರೆ ಗ್ರೀನ್ ಕಾರ್ಡಿನ ಸರದಿ. ಅಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ, ಭಾರತದಷ್ಟು ದೊಡ್ಡ ದೇಶಕ್ಕೂ ಅಷ್ಟೇ.

ಮುಂದಿನ ಸಲ ಇಂಥ ಭಾಷಣ ಮುಗಿದ ಮೇಲೆ ಮೈಕು ನಿಮ್ಮ ಕೈಗೆ ಬಂದರೆ ದಯವಿಟ್ಟು ಕೇಳಿ: ಸರ್, ನೀವು ಯಾವ ವರ್ಷ ಹೋದಿರಿ? ಯಾವ ವೀಸಾ? ಫೀಸು ಯಾರು ಕಟ್ಟಿದರು? ಮೊದಲ ಕೆಲಸಕ್ಕೆ ಯಾರು ಶಿಫಾರಸು ಮಾಡಿದರು? ನಿಮ್ಮ ಜೊತೆಯಲ್ಲೇ ಓದಿ, ನಿಮ್ಮಷ್ಟೇ ಅಂಕ ತೆಗೆದ ಉಳಿದವರು ಈಗ ಎಲ್ಲಿದ್ದಾರೆ? ಪ್ರಾಮಾಣಿಕರು ಉತ್ತರಿಸುತ್ತಾರೆ, ಅಂಥವರು ಇದ್ದಾರೆ. ಆ ಉತ್ತರಗಳನ್ನು ಕೇಳಿಸಿಕೊಂಡ ಮೇಲೆ ಸೈಟಿನ ಪತ್ರ ಬೀರುವಿನಿಂದ ಹೊರತೆಗೆಯುವುದೋ ಬೇಡವೋ ಎಂದು ಮನೆಯವರು ಕೂತು ಮಾತಾಡಲಿ.